ಲಾಸ್ ಎಷ್ಟಾಯ್ತು ಅಂತ ಲೆಕ್ಕ ಇಟ್ಟವರ ಕಥೆ

1/10
ಹೋದ ಸಲ ನಮ್ಮ ಬೇಗೂರಿನ ನಾಗೇಶ್ವರ ದೇವಸ್ಥಾನದ ಶಾಸನದ ಬಗ್ಗೆ ಬರೆದಿದ್ದೆ, ನೆನಪಿದೆಯಾ? ಸುಮಾರು ಕ್ರಿ.ಶ. 890ರ ಕಲ್ಲಲ್ಲಿ ‘ಬೆಂಗಳೂರು’ ಅನ್ನೋ ಹೆಸರು. ಅದಕ್ಕೆ ಒಬ್ಬ ಕ್ಲಾಸ್‌ಮೇಟ್ ಕೇಳಿದ: “ಮಗಾ, ಇತಿಹಾಸ ಅಂದ್ರೆ ಬರೀ ಯುದ್ಧ, ರಾಜರು, ಕಲ್ಲು ಇಷ್ಟೇನಾ? ನಮ್ಮ ಕಡೆ ಫ್ಯಾಕ್ಟರಿ, ಲ್ಯಾಬು ಇಷ್ಟೊಂದಿವೆ. ಅವಕ್ಕೆ ಇತಿಹಾಸ ಇಲ್ವಾ?” ಇದೆ. ಈ ಸಲ ಅದೇ.

ಫೋಟೋದಲ್ಲಿ ಕಾಣ್ತಿರೋದು ನೀರಿನ ಟ್ಯಾಂಕರ್. ಬೇಸಿಗೆಯಲ್ಲಿ ಬೇಗೂರು ರಸ್ತೆಯಲ್ಲಿ ಬಸ್ಸಿಗಿಂತ ಹೆಚ್ಚು ಕಾಣೋದು ಇದೇ. ಒಂದು ದಿನ ನಮ್ಮ ನೆಂಟರ ಬಿಲ್ಡಿಂಗಲ್ಲಿ ಮೋಟರ್ ಕೆಟ್ಟಿತ್ತು. ಮೂರನೇ ಮಹಡಿಗೆ ನೀರು ಹೋಗಬೇಕು. ಏನ್ ಮಾಡೋದು? ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಬಿಂದಿಗೆ ದಾಟಿಸಿದ್ವಿ. ಕೆಳಗೆ ತುಂಬಿ ತುಳುಕ್ತಿದ್ದ ಬಿಂದಿಗೆ ಮೇಲೆ ಹೋಗೋಷ್ಟರಲ್ಲಿ ಕುತ್ತಿಗೆ ತನಕ ಇಳಿದಿತ್ತು. ಚೆಲ್ಲಿದ್ದು ಯಾರು? ಯಾರೂ ಒಪ್ಪಲಿಲ್ಲ. ಅದು ನ್ಯಾಯಾನೇ, ಒಬ್ಬೊಬ್ಬರೂ ಚೆಲ್ಲಿದ್ದು ಚೂರೇ ಚೂರು. ಆದ್ರೆ ಮೆಟ್ಟಿಲೆಲ್ಲಾ ಒದ್ದೆ.

ಈ ಒದ್ದೆ ಮೆಟ್ಟಿಲನ್ನ ನೆನಪಿಟ್ಕೊಳ್ಳಿ. ಮುಂದಿನ ಒಂಬತ್ತು ಪೋಸ್ಟಿನ ಕಥೆ ಪೂರ್ತಿ ಇದೇ. ಅಲ್ಲಿ ನೀರಿನ ಜಾಗದಲ್ಲಿ ಎಲೆಕ್ಟ್ರಾನ್, ಬಿಂದಿಗೆ ಜಾಗದಲ್ಲಿ ಕೂದಲಿಗಿಂತ ಸಣ್ಣ ಸಿಲಿಕಾನ್ ಚೌಕ. ಸಾಲಿನ ಒಂದು ತುದಿ ಕೋಲಾರದಲ್ಲಿ, ಒಂದು ಕ್ಯಾಲಿಫೋರ್ನಿಯಾದಲ್ಲಿ, ಒಂದು ನಮ್ಮ ಮಾರತ್‌ಹಳ್ಳಿ ಔಟರ್ ರಿಂಗ್ ರೋಡಲ್ಲಿ, ಕೊನೇದು ಚಂದ್ರನ ಸುತ್ತ.

ನಾನು ಬಿಕಾಂ. ಸೈನ್ಸ್ ಬಿಟ್ಟು ನಾಲ್ಕು ವರ್ಷ ಆಯ್ತು. ಆದ್ರೂ ಇದು ನಂಗೆ ಅರ್ಥ ಆಯ್ತು. ಯಾಕಂದ್ರೆ ಇದು ಬೇಸಿಕಲಿ ಅಕೌಂಟ್ಸ್. ಬನ್ನಿ, ತೋರಿಸ್ತೀನಿ.

2/10
ಮೊದಲು ಕೋಲಾರಕ್ಕೆ ಹೋಗೋಣ.

ಕೆಜಿಎಫ್ ಅಂದ ತಕ್ಷಣ ನಿಮ್ಮ ತಲೇಲಿ ಸಿನಿಮಾ ಬಿಜಿಎಂ ಶುರುವಾಯ್ತು ಅಂತ ಗೊತ್ತು. ಅದನ್ನ ಒಂದು ನಿಮಿಷ ನಿಲ್ಲಿಸಿ. 1965ರಲ್ಲಿ ಆ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಿಜ್ಞಾನಿಗಳು ಚಿನ್ನಕ್ಕಿಂತ ಅಪರೂಪದ್ದನ್ನ ಹುಡುಕ್ತಾ ಕೂತಿದ್ರು. ಅದರ ಹೆಸರು ನ್ಯೂಟ್ರಿನೊ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್, ಮೂರೂ ಕಡೆಯವರು ಒಟ್ಟಾಗಿ. ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಕೋಲಾರವೂ ಒಂದು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕಿತು.

ಅಷ್ಟು ಆಳಕ್ಕೆ ಯಾಕೆ ಹೋಗಬೇಕು? ಮೇಲೆ ಆಕಾಶದಿಂದ ಬೀಳೋ ಬೇರೆ ಕಣಗಳ ಗಲಾಟೆ ಜಾಸ್ತಿ. ಜಾತ್ರೆಯಲ್ಲಿ ಪಿಸುಮಾತು ಕೇಳಿಸಲ್ಲ. ಎರಡು ಕಿಲೋಮೀಟರ್ ಬಂಡೆ ಅಡ್ಡ ಇದ್ರೆ ಗಲಾಟೆ ಬಹುಪಾಲು ನಿಲ್ಲುತ್ತೆ.

ನಮ್ಮ ಕಥೆಗೆ ಬೇಕಾದ್ದು ಇನ್ನೊಂದು ವಿಷಯ. ಕಣ ಹೋದ ದಾರೀನ ಅವರು ನೋಡಿದ್ದು ಹೇಗೆ? ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲು. ಕಣ ಹಾದುಹೋದ ಕೊಳವೆಗಳು ಮಿನುಗ್ತಿದ್ವು. ಎದುರಿಗೆ ಕ್ಯಾಮೆರಾ, ಅದರೊಳಗೆ ಫಿಲ್ಮ್ ರೋಲ್. ಫಿಲ್ಮ್ ತೊಳೆದು, ಒಂದೊಂದೇ ಚಿತ್ರ ಕಣ್ಣಲ್ಲಿ ನೋಡಿ ಲೆಕ್ಕ ಬರೀಬೇಕಿತ್ತು.

ಅಂದ್ರೆ ಕಣ ಭೌತಶಾಸ್ತ್ರ ಅನ್ನೋದು ಶುರುವಿನಿಂದಾನೂ ಒಂಥರಾ ಫೋಟೋಗ್ರಫಿ. ನಾವು ಈ ಆ್ಯಪಲ್ಲಿ ಮಾಡೋ ಕೆಲಸಾನೇ. ಆದ್ರೆ ಫಿಲ್ಮ್ ನಿಧಾನ. ಸೆಕೆಂಡಿಗೆ ಲಕ್ಷಗಟ್ಟಲೆ ಘಟನೆ ನಡೆಯೋ ಕಡೆ ಫಿಲ್ಮ್ ಕೈಯಲ್ಲಿ ಆಗಲ್ಲ. ಬೇರೆ ಏನೋ ಬೇಕಿತ್ತು.

3/10
ಆ ‘ಬೇರೆ ಏನೋ’ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸಲ್ಲಿ. ವಿಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಇಬ್ಬರೂ ಸೇರಿ ಸಿಸಿಡಿ ಅನ್ನೋ ಚಿಪ್ಪಿನ ಐಡಿಯಾ ಬರೆದರು. ಅದಕ್ಕೆ ನಲವತ್ತು ವರ್ಷ ಆದ್ಮೇಲೆ, 2009ರಲ್ಲಿ, ನೊಬೆಲ್ ಬಂತು.

ಸಿಸಿಡಿ ಕೆಲಸ ಮಾಡೋದು ನಮ್ಮ ಬಿಂದಿಗೆ ಸಾಲಿನ ಥರಾನೇ. ಸಿಲಿಕಾನ್ ತಟ್ಟೆ ಮೇಲೆ ಸಾವಿರಾರು ಸಣ್ಣ ಸಣ್ಣ ಚೌಕ. ಬೆಳಕೋ ಎಕ್ಸ್‌ರೇಯೋ ಯಾವುದೋ ಕಣವೋ ಬಿದ್ದ ಕಡೆ ಒಂದಷ್ಟು ಎಲೆಕ್ಟ್ರಾನ್ ಬಿಡುಗಡೆ ಆಗುತ್ತೆ. ಅದೇ ಚಾರ್ಜ್. ಆ ಚಾರ್ಜನ್ನ ಅಲ್ಲೇ ಅಳೆಯಲ್ಲ. ವೋಲ್ಟೇಜ್ ಏರಿಸಿ ಇಳಿಸಿ ಪಕ್ಕದ ಚೌಕಕ್ಕೆ ತಳ್ತಾರೆ, ಅಲ್ಲಿಂದ ಅದರ ಪಕ್ಕಕ್ಕೆ. ಕೊನೆಗೆ ಮೂಲೆಯಲ್ಲಿರೋ ಒಂದೇ ಕೌಂಟರಲ್ಲಿ ಎಣಿಸ್ತಾರೆ. ಯಾವ ಹೊತ್ತಿಗೆ ಬಂತು ಅನ್ನೋದರ ಮೇಲೆ ಯಾವ ಚೌಕದಿಂದ ಬಂತು ಅಂತ ಗೊತ್ತಾಗುತ್ತೆ.

ಈಗ ಪ್ರಶ್ನೆ ನಿಮಗೇ ಹೊಳೆದಿರಬೇಕು. ದಾರಿಯಲ್ಲಿ ಎಷ್ಟು ಚೆಲ್ಲುತ್ತೆ?

ಇದೇ ಪ್ರಶ್ನೆ ಅವರಿಗೂ ಮೊದಲ ದಿನದಿಂದ ಇತ್ತು. 1970ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಪ್ರಕಟ ಆಯ್ತು. ಒಂದು ಹೆಜ್ಜೆಗೆ 98%ಗಿಂತ ಹೆಚ್ಚು ಚಾರ್ಜ್ ದಾಟುತ್ತೆ, ಅದೂ 100 ನ್ಯಾನೊಸೆಕೆಂಡಿಗಿಂತ ಕಡಿಮೆ ಹೊತ್ತಲ್ಲಿ.

98% ಅಂದ್ರೆ ಡಿಸ್ಟಿಂಕ್ಷನ್ ಅಲ್ವಾ? ಅಲ್ಲ ಗುರು. 8 ಹೆಜ್ಜೆ ದಾಟೋಷ್ಟರಲ್ಲಿ 100 ಎಲೆಕ್ಟ್ರಾನ್ 85 ಆಗುತ್ತೆ. 100 ಹೆಜ್ಜೆ ದಾಟಿದ್ರೆ ಉಳಿಯೋದು 13. ಚಿತ್ರ ತೆಗೆಯೋಕೆ ಬೇಕಿರೋದು ಸಾವಿರಾರು ಹೆಜ್ಜೆ. ಅಲ್ಲಿಗೆ ಮುಗೀತು ಕಥೆ.

ಆಮೇಲೆ ಚಾರ್ಜನ್ನ ಸಿಲಿಕಾನಿನ ಮೇಲ್ಮೈಯಲ್ಲಿ ಎಳೆಯೋ ಬದಲು ಸ್ವಲ್ಪ ಒಳಗೆ, ಹೂತ ಕಾಲುವೆ ಥರ ದಾರಿ ಮಾಡಿ ಎಳೆದರು. ಮೇಲ್ಮೈಯ ತಗ್ಗು ದಿಣ್ಣೆ ತಪ್ಪಿತು. ಆಗ ಲಾಸ್ ಪರ್ಸೆಂಟಿಂದ ಇಳಿದು, ಒಂದು ಹೆಜ್ಜೆಗೆ ಒಂದು ಲಕ್ಷದಲ್ಲಿ ಒಂದು ಪಾಲಿನ ಮಟ್ಟಕ್ಕೆ ಬಂತು.

4/10
ಕಾಮರ್ಸ್‌ನವರೇ, ಈ ಪೋಸ್ಟ್ ನಿಮಗೆ.

ಸವಕಳಿ ಲೆಕ್ಕದಲ್ಲಿ ಎರಡು ವಿಧಾನ ಕಲಿತಿದ್ವಿ. ಒಂದರಲ್ಲಿ ವರ್ಷಾ ವರ್ಷ ಒಂದೇ ಮೊತ್ತ ಕಳೀತೀವಿ. ಇನ್ನೊಂದರಲ್ಲಿ ಉಳಿದ ಬ್ಯಾಲೆನ್ಸ್ ಮೇಲೆ ಅದೇ ದರ ಹಾಕಿ ಕಳೀತಾ ಹೋಗ್ತೀವಿ. ಸಿಸಿಡಿ ಲಾಸ್ ಅನ್ನೋದು ಸೀದಾ ಎರಡನೇದು. ಮಷೀನಿನ ಜಾಗದಲ್ಲಿ ಚಾರ್ಜ್, ವರ್ಷದ ಜಾಗದಲ್ಲಿ ಹೆಜ್ಜೆ.

ದರ ಒಂದು ಲಕ್ಷಕ್ಕೆ ಒಂದು. ಹೆಜ್ಜೆ 2000. ಕ್ಯಾಲ್ಕುಲೇಟರ್ ತಗೊಂಡು ಮಾಡಿ ನೋಡಿ. ಕೊನೆಗೆ 98% ಉಳಿಯುತ್ತೆ. ಪರವಾಗಿಲ್ಲ. ದರ ಹತ್ತು ಸಾವಿರಕ್ಕೆ ಒಂದು ಆದ್ರೆ 82%. ಸಾವಿರಕ್ಕೆ ಒಂದು ಆದ್ರೆ? 13.5%. ದರ ಕಣ್ಣಿಗೆ ಕಾಣದಷ್ಟು ಸಣ್ಣದು, ಆದ್ರೆ ಹೆಜ್ಜೆ ಸಾವಿರಾರು. ಕ್ರೆಡಿಟ್ ಕಾರ್ಡ್ ಬಡ್ಡಿ ಕಟ್ಟಿದವರಿಗೆ ಹೇಳಿಕೊಡೋದೇ ಬೇಡ.

ಅಷ್ಟು ಸಣ್ಣ ದರವನ್ನ ಅಳೆಯೋದು ಹೇಗೆ? ಇದಕ್ಕೆ ಅವರು ಬಳಸೋದು ಐರನ್-55 ಅನ್ನೋ ವಿಕಿರಣ ವಸ್ತು. ಅದರಿಂದ ಹೊರಡೋ ಮುಖ್ಯ ಎಕ್ಸ್‌ರೇಯ ಶಕ್ತಿ ಯಾವತ್ತೂ ಒಂದೇ, 5.9 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಸಿಲಿಕಾನಿಗೆ ಬಿದ್ದರೆ ಪ್ರತಿ ಸಲ ಸುಮಾರು 1620 ಎಲೆಕ್ಟ್ರಾನ್. ಅಂದ್ರೆ ಇದು ಸರ್ಕಾರಿ ಮೊಹರು ಬಿದ್ದ ತೂಕದ ಬಟ್ಟು ಇದ್ದಂಗೆ.

ಈಗ ಕೌಂಟರ್ ಪಕ್ಕದ ಚೌಕದಲ್ಲಿ ಬಿದ್ದ ಎಕ್ಸ್‌ರೇ 1620 ತೋರಿಸ್ತು ಅಂದ್ಕೊಳ್ಳಿ. 2000 ಹೆಜ್ಜೆ ದೂರದಲ್ಲಿ ಬಿದ್ದದ್ದು 1588 ತೋರಿಸ್ತು. ಕಮ್ಮಿ ಬಿದ್ದದ್ದು 32. ಅದನ್ನ 1620ರಿಂದ ಭಾಗಿಸಿ, ಆಮೇಲೆ 2000ದಿಂದ ಭಾಗಿಸಿ. ಬಂತಲ್ಲ, ಒಂದು ಲಕ್ಷಕ್ಕೆ ಒಂದು. ಒಂದು ಎಕ್ಸ್‌ರೇ ನಂಬಿ ಹೇಳೋದಲ್ಲ, ಸಾವಿರಾರು ಎಣಿಸಿ ಸರಾಸರಿ ತೆಗೀತಾರೆ.

ಒಂದು ಸಾಲಲ್ಲಿ ಹೇಳೋದಾದ್ರೆ: ಹತ್ತಿರದವರು ಕೊಟ್ಟ ಲೆಕ್ಕಕ್ಕೂ ದೂರದವರು ಕೊಟ್ಟ ಲೆಕ್ಕಕ್ಕೂ ಇರೋ ವ್ಯತ್ಯಾಸವೇ ದಾರಿಯ ಖರ್ಚು. ಆಡಿಟಿಂಗ್ ಪೇಪರಿಗೆ ಇದನ್ನೇ ಬರೀಬಹುದು.

5/10
ಕಳೆದುಹೋದ ಎಲೆಕ್ಟ್ರಾನ್ ಎಲ್ಲಿ ಹೋಯ್ತು? ನಂಗೆ ಅತಿ ಇಷ್ಟವಾದ ಭಾಗ ಇದು.

ಅದು ನಾಶ ಆಗಿಲ್ಲ. ಸಿಕ್ಕಿಹಾಕ್ಕೊಂಡಿದೆ. ಸಿಲಿಕಾನ್ ಒಳಗೆ ಪರಮಾಣುಗಳು ಸಾಲಾಗಿ ಜೋಡಿಸಿದ ಇಟ್ಟಿಗೆ ಥರ ಇರ್ತವೆ. ಹೊರಗಿಂದ ಜೋರಾಗಿ ಬಂದ ಪ್ರೋಟಾನೋ ನ್ಯೂಟ್ರಾನೋ ಒಂದು ಇಟ್ಟಿಗೆಯನ್ನ ಜಾಗದಿಂದ ಕಿತ್ತರೆ ಅಲ್ಲೊಂದು ಖಾಲಿ ಜಾಗ. ಪಕ್ಕದಲ್ಲಿ ಆಮ್ಲಜನಕವೋ ರಂಜಕವೋ ಇದ್ರೆ ಈ ಖಾಲಿ ಜಾಗ ಅದರ ಜೊತೆ ಸೇರಿ ಗುಂಡಿಯಾಗುತ್ತೆ. ಹಾದುಹೋಗೋ ಎಲೆಕ್ಟ್ರಾನ್ ಅದರೊಳಗೆ ಬೀಳುತ್ತೆ, ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೊರಗೆ ಬರುತ್ತೆ. ಅಷ್ಟರಲ್ಲಿ ಅದರ ಗುಂಪು ಮುಂದೆ ಹೋಗಿಬಿಟ್ಟಿರುತ್ತೆ. ಹಿಂದೆ ಬರ್ತಿರೋ ಬೇರೆಯವರ ಗುಂಪಿಗೆ ಸೇರ್ಕೊಳ್ಳುತ್ತೆ.

ಅಕೌಂಟ್ಸಲ್ಲಿ ಇದಕ್ಕೆ ಹೆಸರಿದೆ: ಬ್ಯಾಡ್ ಡೆಟ್ಸ್ ರಿಕವರ್ಡ್. ಮುಳುಗಿಹೋಯ್ತು ಅಂತ ಬರೆದ ಸಾಲ ಮುಂದಿನ ವರ್ಷ ವಾಪಸ್ ಬರುತ್ತೆ, ಮುಂದಿನ ವರ್ಷದ ಲಾಭ ಅಂತ ಕೂರುತ್ತೆ. ಆಗ ಎರಡೂ ವರ್ಷದ ಲೆಕ್ಕ ತಪ್ಪು. ಒಂದರಲ್ಲಿ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ. ಚಿತ್ರದಲ್ಲಾದ್ರೆ ನಕ್ಷತ್ರದ ಹಿಂದೆ ಮಂಕಾದ ಬಾಲ ಕಾಣುತ್ತೆ.

ಈ ಬಾಲ ಅಳೆದೂ ಲಾಸ್ ಕಂಡುಹಿಡೀತಾರೆ. ಕೊನೆಯ ಸಾಲಿನ ಚಾರ್ಜ್ ಬಂದಾದ ಮೇಲೂ ಕೌಂಟರ್ ಮುಚ್ಚಲ್ಲ. ಇನ್ನೂ ನಾಲ್ಕು ಹೆಜ್ಜೆ ಖಾಲಿ ಎಳೀತಾರೆ. ಖಾಲಿ ಬರಬೇಕಾದಲ್ಲಿ ಏನಾದ್ರೂ ಬಂದರೆ ಅದು ಹಿಂದೆ ಉಳಿದವರು.

ಉಷ್ಣತೆಯ ಆಟ ಬೇರೆ. ಚಿಪ್ ಬೆಚ್ಚಗಿದ್ರೆ ಗುಂಡಿಗೆ ಬಿದ್ದ ಎಲೆಕ್ಟ್ರಾನ್ ತಕ್ಷಣ ಎದ್ದು ತನ್ನ ಗುಂಪನ್ನೇ ಸೇರುತ್ತೆ, ಲಾಸ್ ಇಲ್ಲ. ತುಂಬಾ ತಣ್ಣಗಿದ್ರೆ ಬಿದ್ದದ್ದು ಏಳೋದೇ ಇಲ್ಲ. ಗುಂಡಿ ತುಂಬಿಯೇ ಇರುತ್ತೆ, ಹಿಂದಿನವರು ಅದರ ಮೇಲೆ ಆರಾಮಾಗಿ ದಾಟ್ತಾರೆ. ಕೆಟ್ಟದ್ದು ಮಧ್ಯದ ಹವೆ. ಹಾಗಾಗಿ ‘ಯಾವ ಉಷ್ಣತೆಯಲ್ಲಿ, ಎಷ್ಟು ವೇಗದಲ್ಲಿ’ ಅನ್ನೋದೇ ಇಡೀ ಹುಡುಕಾಟ.

6/10
ಈಗ ಕಣ ಭೌತಶಾಸ್ತ್ರಕ್ಕೆ ವಾಪಸ್.

1980ರ ದಶಕದಲ್ಲಿ ಇಂಗ್ಲೆಂಡಿನ ರುದರ್‌ಫರ್ಡ್ ಆ್ಯಪಲ್‌ಟನ್ ಲ್ಯಾಬಿನ ಕ್ರಿಸ್ ಡ್ಯಾಮರೆಲ್ ತಂಡ ಒಂದು ಸಾಹಸ ಮಾಡ್ತು. ನಕ್ಷತ್ರದ ಫೋಟೋ ತೆಗೆಯೋ ಸಿಸಿಡಿಯನ್ನ ಸರ್ನ್‌ನಲ್ಲಿ ಕಣಗಳ ದಾರಿಗೆ ಇಟ್ಟರು. ಕಾರಣ, ಚಾರ್ಮ್ ಅನ್ನೋ ಜಾತಿಯ ಕಣಗಳು ಹುಟ್ಟಿ ಕೆಲವೇ ಮಿಲಿಮೀಟರ್ ಹೋಗೋಷ್ಟರಲ್ಲಿ ಒಡೆದುಹೋಗ್ತವೆ. ಎಲ್ಲಿ ಹುಟ್ಟಿತು, ಎಲ್ಲಿ ಒಡೀತು ಅಂತ ಬೇರೆ ಬೇರೆ ತೋರಿಸೋಕೆ ತುಂಬಾ ನುಣುಪಾದ ಚೌಕಗಳು ಬೇಕು. ಸಿಸಿಡಿಯಲ್ಲಿ ಅದಿತ್ತು.

ಆ ಪ್ರಯೋಗ ಗೆದ್ದ ಮೇಲೆ ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ದೊಡ್ಡದಾಗಿ ಮಾಡಿದ್ರು. 1996ರಲ್ಲಿ ಅಲ್ಲಿ ಕೂರಿಸಿದ ಡಿಟೆಕ್ಟರಿನಲ್ಲಿ 96 ಸಿಸಿಡಿ, ಒಟ್ಟು 30.7 ಕೋಟಿ ಪಿಕ್ಸೆಲ್. ಇದು 1996! ನಮ್ಮ ಮನೆಗಳಲ್ಲಿ ಆಗ ಲ್ಯಾಂಡ್‌ಲೈನ್ ಇದ್ರೇ ದೊಡ್ಡದು.

ಆದ್ರೆ ವಿಕಿರಣ ಬಿಡಲಿಲ್ಲ. ಗುಂಡಿಗಳು ಬಿದ್ವು, ಚಾರ್ಜ್ ಕಳೀತು. ಅವರು ಡಿಟೆಕ್ಟರನ್ನ ಇನ್ನೂ ತಣ್ಣಗೆ ಮಾಡಿ ಓಡಿಸಿದ್ರು, ಲಾಸ್ ಇಳೀತು. ಹಿಂದಿನ ಪೋಸ್ಟಲ್ಲಿ ಹೇಳಿದ ಉಷ್ಣತೆಯ ಆಟ ನಿಜವಾಗಿ ಕೆಲಸಕ್ಕೆ ಬಂದದ್ದು ಹೀಗೆ.

ಮುಂದಿನ ಆಸೆ ಇನ್ನೂ ದೊಡ್ಡದು. ಒಂದು ಹೊಸ ಲೀನಿಯರ್ ಕೊಲೈಡರ್. ಅದರಲ್ಲಿ ಸುಮಾರು 1 ಮಿಲಿಸೆಕೆಂಡ್ ಒಳಗೆ ಇಡೀ ಚಿಪ್ಪನ್ನ 20 ಸಲ ಓದಬೇಕು, ಅಂದ್ರೆ ಸಲಕ್ಕೆ 50 ಮೈಕ್ರೊಸೆಕೆಂಡ್. ಒಂದೇ ಕೌಂಟರ್ ಇದ್ರೆ ಕ್ಯೂ ಮುಗಿಯೋದೇ ಇಲ್ಲ. ಅದಕ್ಕೆ ಪ್ರತಿ ಸಾಲಿಗೂ ಒಂದೊಂದು ಕೌಂಟರ್ ಇರೋ ಸಿಸಿಡಿ ಮಾಡೋಕೆ ಹೊರಟರು. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು, ಸಂಶೋಧಕರು ವರ್ಷಗಟ್ಟಲೆ ಕೂತು, ಇಷ್ಟು ವೇಗದಲ್ಲಿ, ಇಷ್ಟು ಉಷ್ಣತೆಯಲ್ಲಿ, ಇಂಥ ಗುಂಡಿ ಇದ್ರೆ ಲಾಸ್ ಎಷ್ಟು ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕಿ, ಐರನ್-55 ಇಟ್ಟು ಅಳೆದು, ಎರಡನ್ನೂ ತಾಳೆ ನೋಡಿದ್ರು.

ಆ ಕೊಲೈಡರ್ ಇವತ್ತಿಗೂ ಕಟ್ಟಿಲ್ಲ. ಹಾಗಂತ ಅವರು ಕಲಿತದ್ದು ವ್ಯರ್ಥ ಆಯ್ತಾ? ಮುಂದೆ ನೋಡಿ.

7/10
ಆಕಾಶಕ್ಕೂ ಇದೇ ಕಾಯಿಲೆ ಬಂತು.

1999ರ ಜುಲೈ 23ರಂದು ನಾಸಾ ಚಂದ್ರಾ ಅನ್ನೋ ಎಕ್ಸ್‌ರೇ ದೂರದರ್ಶಕ ಹಾರಿಸ್ತು. ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದ್ದು. ನಮ್ಮ ಬೆಂಗಳೂರಲ್ಲಿ ಸಂಸ್ಥೆ ಕಟ್ಟಿದ ಸರ್ ಸಿ.ವಿ. ರಾಮನ್ ಅವರ ಅಣ್ಣನ ಮಗ. ಆ ದೂರದರ್ಶಕದ ಒಂದು ಕ್ಯಾಮೆರಾದಲ್ಲಿ 10 ಸಿಸಿಡಿ. ಹಾರಿದ ಮೊದಲ ಕೆಲವೇ ವಾರಗಳಲ್ಲಿ ಅದರಲ್ಲಿ 8 ಚಿಪ್ಪುಗಳ ಲಾಸ್ ದಿಢೀರ್ ಏರಿತು.

ಏನಾಯ್ತು ಅಂದ್ರೆ, ಭೂಮಿಯ ಸುತ್ತ ಪ್ರೋಟಾನ್, ಎಲೆಕ್ಟ್ರಾನ್ ತುಂಬಿದ ವಿಕಿರಣ ಪಟ್ಟಿಗಳಿವೆ. ದೂರದರ್ಶಕ ಅದನ್ನ ದಾಟುವಾಗ ಕಡಿಮೆ ಶಕ್ತಿಯ ಪ್ರೋಟಾನ್‌ಗಳು ಕನ್ನಡಿಗೆ ಬಡಿದು ಸೀದಾ ಕ್ಯಾಮೆರಾ ಮೇಲೆ ಬಿದ್ದವು. ಜೋರಾದ ಪ್ರೋಟಾನ್ ಆಗಿದ್ರೆ ಚಿಪ್ಪನ್ನ ತೂರಿ ಹೋಗ್ತಿತ್ತು. ಇವು ನಿಧಾನದವು, ಸರಿಯಾಗಿ ಆ ಹೂತ ಕಾಲುವೆಯ ಆಳಕ್ಕೆ ಬಂದು ನಿಂತವು. ಬಾಗಿಲು ತೆಗೆದ ಮನೆಗೆ ಕಳ್ಳ ನುಗ್ಗಿದ ಹಾಗೆ. ಇನ್ನೆರಡು ಚಿಪ್ ಉಲ್ಟಾ ಕೂರಿಸಿದ್ದವು, ಅದಕ್ಕೇ ಬಚಾವ್.

ರಿಪೇರಿಗೆ ಹೋಗೋ ಹಾಗಿಲ್ಲ. ಕಾರಣ ಗೊತ್ತಾದ ಮೇಲೆ, ಪಟ್ಟಿ ದಾಟುವಾಗೆಲ್ಲಾ ಕ್ಯಾಮೆರಾವನ್ನ ಪಕ್ಕಕ್ಕೆ ಸರಿಸೋ ಅಭ್ಯಾಸ ಮಾಡಿದ್ರು. ಚಿಪ್ಪನ್ನ ಮೈನಸ್ 120 ಡಿಗ್ರಿಗೆ ಇಳಿಸಿದ್ರು. ಉಳಿದ ಲಾಸನ್ನ ಅಳೆದು ಲೆಕ್ಕದಲ್ಲಿ ಸರಿಮಾಡ್ತಾ ಹೋದ್ರು. ಹೀಗೆ ಏಟು ತಿಂದ ಕ್ಯಾಮೆರಾ ಕಾಲು ಶತಮಾನ ಕೆಲಸ ಮಾಡಿದೆ.

2003ರಲ್ಲಿ ಯುರೋಪಿನವರು ಚಂದ್ರನಿಗೆ ಸ್ಮಾರ್ಟ್-1 ಕಳಿಸಿದ್ರು. ಅದರ ಇಂಜಿನ್ ಪೆಟ್ರೋಲ್ ಉಳಿಸೋ ಜಾತಿ. ಸುತ್ತಿ ಸುತ್ತಿ ಹೋಗೋಕೆ ವರ್ಷಕ್ಕಿಂತ ಹೆಚ್ಚು ಹಿಡೀತು. ಅಷ್ಟೂ ಸಲ ವಿಕಿರಣ ಪಟ್ಟಿ ದಾಟಿ ದಾಟಿ, ಅದರಲ್ಲಿದ್ದ ಎಕ್ಸ್‌ರೇ ಉಪಕರಣದ ಚಿಪ್‌ಗಳು ಚಂದ್ರ ಮುಟ್ಟೋ ಮುಂಚೆಯೇ ಸವೆದುಹೋದವು. ಆ ಪಾಠ ಕೇಳಿಸಿಕೊಂಡವರು ಬೆಂಗಳೂರಲ್ಲಿ ಇದ್ದರು.

8/10
ಪೀಣ್ಯ.

ನಮಗೆ ಪೀಣ್ಯ ಅಂದ್ರೆ ಫ್ಯಾಕ್ಟರಿ, ಫ್ಲೈಓವರ್, ಊರಿಗೆ ಹೋಗೋ ಬಸ್ಸು. ಆದ್ರೆ ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಅಲ್ಲಿನ ಕೈಗಾರಿಕಾ ಶೆಡ್‌ಗಳಲ್ಲಿ. ಮುಂದೆ ನಿಂತು ಮಾಡಿಸಿದವರು ಯು.ಆರ್. ರಾವ್, ಉಡುಪಿಯ ಅದಮಾರಿನವರು, ತಾವೇ ಕಾಸ್ಮಿಕ್ ಕಿರಣಗಳ ವಿಜ್ಞಾನಿ. 1975ರ ಏಪ್ರಿಲ್ 19ಕ್ಕೆ ಹಾರಿದ ಆ ಉಪಗ್ರಹದಲ್ಲೂ ಒಂದು ಎಕ್ಸ್‌ರೇ ಉಪಕರಣ ಇತ್ತು. ನಾಲ್ಕೈದು ದಿನಕ್ಕೆ ಪವರ್ ಕೈಕೊಟ್ಟು ಪ್ರಯೋಗಗಳು ನಿಂತವು. ಆದ್ರೆ ಉಪಗ್ರಹ ಕಟ್ಟೋದು ಬಂತು. ಪೀಣ್ಯದ ಶೆಡ್ಡಲ್ಲಿ ಶುರುವಾದ ಆ ಕೇಂದ್ರವೇ ಈಗಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. 2018ರಲ್ಲಿ ಆ ಹೆಸರು ಇಟ್ಟರು.

2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹಾರಿತು. ಅದರಲ್ಲಿ ಸಿ1ಎಕ್ಸ್‌ಎಸ್ ಅನ್ನೋ ಎಕ್ಸ್‌ರೇ ಉಪಕರಣ. ಮಾಡಿದ್ದು ಬೆಂಗಳೂರಿನ ಇದೇ ಕೇಂದ್ರ ಮತ್ತು ಇಂಗ್ಲೆಂಡಿನ ರುದರ್‌ಫರ್ಡ್ ಆ್ಯಪಲ್‌ಟನ್ ಲ್ಯಾಬ್, ಜೊತೆಗೂಡಿ. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 6ನೇ ಪೋಸ್ಟ್ ನೋಡಿ. ಸಿಸಿಡಿಯನ್ನ ಕಣಗಳ ದಾರಿಗೆ ಇಟ್ಟರಲ್ಲ, ಅದೇ ಲ್ಯಾಬ್.

ಒಳಗಿದ್ದದ್ದು ಸಿಸಿಡಿಯ ತಮ್ಮ, 24 ಚಿಪ್. ಇದರಲ್ಲಿ ಚಿತ್ರ ಬೇಡ, ಎಷ್ಟು ಎಲೆಕ್ಟ್ರಾನ್ ಅನ್ನೋದಷ್ಟೇ ಬೇಕು. ಹಾಗಾಗಿ ಎಲ್ಲಾ ಚಾರ್ಜನ್ನ ಪೊರಕೆಯಲ್ಲಿ ಗುಡಿಸಿದ ಹಾಗೆ ಒಂದು ಮೂಲೆಗೆ ಬೇಗ ಬೇಗ ಗುಡಿಸ್ತಾರೆ. ಬೇಗ ಗುಡಿಸಿದ್ರೆ ತೀರಾ ತಣ್ಣಗೆ ಇಡೋ ಅಗತ್ಯವೂ ಇಲ್ಲ, ಉಪಗ್ರಹದಲ್ಲಿ ಅದು ದೊಡ್ಡ ಉಳಿತಾಯ. ಪಟ್ಟಿ ದಾಟುವಾಗ ಮುಚ್ಚಿಡೋಕೆ ಬಾಗಿಲು. ಲಾಸ್ ಅಳೆಯೋಕೆ ಬಾಗಿಲಲ್ಲೇ ಐರನ್-55. ಬಟ್ಟು ಜೊತೆಗೇ ಹೊತ್ಕೊಂಡು ಹೋದ ಅಂಗಡಿಯವರು.

ದುರದೃಷ್ಟ ಬೇರೆ ಕಡೆಯಿಂದ ಬಂತು. ಆ ವರ್ಷ ಸೂರ್ಯ ತೀರಾ ಸುಮ್ಮನಿದ್ದ, ಎಕ್ಸ್‌ರೇ ಕಮ್ಮಿ. 2009ರ ಆಗಸ್ಟ್ 29ಕ್ಕೆ ನೌಕೆಯ ಸಂಪರ್ಕವೇ ತಪ್ಪಿತು. ಸಿಕ್ಕ ಡೇಟಾ ಸ್ವಲ್ಪ, ಆದ್ರೆ ಚಿಪ್ ಹೇಗೆ ಬದುಕುತ್ತೆ ಅನ್ನೋ ಪಾಠ ಪೂರ್ತಿ ಸಿಕ್ಕಿತು.

9/10
2019ರ ಸೆಪ್ಟೆಂಬರ್ 7, ರಾತ್ರಿ ಎರಡು ಗಂಟೆ ಹತ್ತಿರ. ನಿಮ್ಮಲ್ಲೂ ಎಷ್ಟೋ ಜನ ಎದ್ದಿದ್ರಿ. ಪೀಣ್ಯದ ಇಸ್ರೋ ಕಂಟ್ರೋಲ್ ರೂಮಿನ ಲೈವ್, ವಿಕ್ರಮ್ ಇಳೀತಿದೆ, ಆಮೇಲೆ ಮೌನ. ನಾನು ಹೈಸ್ಕೂಲು. ಅಪ್ಪ ಟಿವಿ ಆಫ್ ಮಾಡಿ ಏನೂ ಮಾತಾಡದೆ ಮಲಗಿದ್ರು. ಮಾರನೇ ದಿನದಿಂದ ಎಲ್ಲರ ಬಾಯಲ್ಲೂ ‘ಚಂದ್ರಯಾನ-2 ಫೇಲ್’. ನಾನೂ ಹಾಗೇ ಹೇಳ್ಕೊಂಡು ತಿರುಗಿದೆ.

ಆದ್ರೆ ಮೇಲೆ ಆರ್ಬಿಟರ್ ಸುತ್ತುತ್ತಾನೇ ಇತ್ತು. ಅದರಲ್ಲಿರೋ ಒಂದು ಉಪಕರಣದ ಹೆಸರು ಕ್ಲಾಸ್. (ಹೌದು, ನಾವು ಬಂಕ್ ಮಾಡೋದೇ, ಅದೇ ಉಚ್ಚಾರಣೆ.) ತಯಾರಾದದ್ದು ಯು.ಆರ್. ರಾವ್ ಕೇಂದ್ರದಲ್ಲಿ. ಅದರ ಬಾಹ್ಯಾಕಾಶ ಖಗೋಳ ತಂಡ ಇರೋದು ಮಾರತ್‌ಹಳ್ಳಿ ಔಟರ್ ರಿಂಗ್ ರೋಡಿನ ಕ್ಯಾಂಪಸ್ಸಲ್ಲಿ. ಸಿಲ್ಕ್‌ಬೋರ್ಡ್ ದಾಟಿ ಆ ಕಡೆ ಬಸ್ಸಲ್ಲಿ ಹೋಗುವಾಗ ಟ್ರಾಫಿಕ್ಕಿಗೆ ಬೈತೀವಲ್ಲ, ಆ ರಸ್ತೆ.

ಕ್ಲಾಸ್‌ನಲ್ಲಿ 16 ಚಿಪ್, ಒಟ್ಟು 64 ಚದರ ಸೆಂ.ಮೀ. ಹೊಸ ಚಿಪ್ಪಲ್ಲಿ ಹೆಜ್ಜೆಗಳನ್ನ ದೊಡ್ಡದು ಮಾಡಿ ಎಣಿಕೆ ಕಮ್ಮಿ ಮಾಡಿದ್ದಾರೆ. ಸವಕಳಿ ಲೆಕ್ಕ ಗೊತ್ತಿರೋ ನಿಮಗೆ ಯಾಕೆ ಅಂತ ಹೇಳಬೇಕಿಲ್ಲ.

ಲಾಸ್ ಅಳೆಯದೆ ಇದ್ರೆ ಏನು ಗಂಟು ಹೋಗುತ್ತೆ? ಕೇಳಿ. ಸೂರ್ಯನ ಎಕ್ಸ್‌ರೇ ಚಂದ್ರನ ಮಣ್ಣಿಗೆ ಬಿದ್ದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್‌ರೇ ವಾಪಸ್ ಕೊಡುತ್ತೆ. ಚಿಪ್ಪಲ್ಲಿ ಅಲ್ಯುಮಿನಿಯಂ ಅಂದ್ರೆ ಸುಮಾರು 407 ಎಲೆಕ್ಟ್ರಾನ್, ಮೆಗ್ನೀಸಿಯಂ 343, ಸೋಡಿಯಂ 285. ವ್ಯತ್ಯಾಸ ಅರವತ್ತರ ಆಸುಪಾಸು. ದಾರಿಯಲ್ಲಿ ಕೆಲವು ಎಲೆಕ್ಟ್ರಾನ್ ಚೆಲ್ಲಿದ್ರೂ ಒಂದರ ಗುರುತು ಜಾರಿ ಇನ್ನೊಂದರ ಮೇಲೆ ಹರಡಿಕೊಳ್ಳೋಕೆ ಶುರು. ನೂರರಲ್ಲಿ ಹದಿನಾರು ಚೆಲ್ಲಿದ್ರೆ ಅಲ್ಯುಮಿನಿಯಂ ಸೀದಾ ಮೆಗ್ನೀಸಿಯಂ ಅಂತ ಓದುತ್ತೆ. ಚಂದ್ರ ಒಂದು ಕಾಲದಲ್ಲಿ ಕರಗಿದ ಬಂಡೆಯ ಸಮುದ್ರ ಆಗಿತ್ತು, ಅಲ್ಯುಮಿನಿಯಂ ಹೆಚ್ಚಿರೋ ಹಗುರ ಬಂಡೆ ತೇಲಿ ಮೇಲೆ ಬಂತು ಅಂತ ಹೇಳ್ತಾರೆ. ಆ ಇತಿಹಾಸ ನಿಂತಿರೋದೇ ಇಂಥ ಎಣಿಕೆ ಮೇಲೆ.

10/10
2022ರ ಅಕ್ಟೋಬರಲ್ಲಿ ಇಸ್ರೋ ಒಂದು ಸುದ್ದಿ ಕೊಟ್ಟಿತು. ಚಂದ್ರನ ಮೇಲೆ ಸೋಡಿಯಂ ಎಲ್ಲೆಲ್ಲಿ ಎಷ್ಟಿದೆ ಅನ್ನೋ ನಕ್ಷೆಯನ್ನ ಕ್ಲಾಸ್ ಮೊದಲ ಸಲ ಮಾಡಿದೆ ಅಂತ. 285 ಎಲೆಕ್ಟ್ರಾನಿನ ಆ ಸಣ್ಣ ಗುರುತನ್ನ ಪಕ್ಕದ 343ರಿಂದ ಬೇರೆ ಮಾಡಿ ಎಣಿಸಿದ್ರು. ವಿಕ್ರಮ್ ಬಿದ್ದು ಮೂರು ವರ್ಷ ಆದ್ಮೇಲೆ. ಆರ್ಬಿಟರ್‌ಗೆ ಅಂದ್ಕೊಂಡಿದ್ದ ಆಯಸ್ಸೇ ಒಂದು ವರ್ಷ.

ಆ ಸುದ್ದಿಗೆ ಯಾರೂ ರಾತ್ರಿ ಎದ್ದು ಕೂರಲಿಲ್ಲ. ನಾನೂ ಕೂರಲಿಲ್ಲ. ಇದನ್ನ ಬರೆಯೋಕೆ ಓದುವಾಗ ನಂಗೇ ನಾಚಿಕೆ ಆಯ್ತು. ‘ಫೇಲ್’ ಅಂತ ಒಂದು ಪದ ಬರೆದು ಪುಸ್ತಕ ಮುಚ್ಚಿದ್ದೆ. ಒಳಗೆ ಎಷ್ಟು ಹೋಯ್ತು, ಎಷ್ಟು ಉಳೀತು ಅಂತ ನೋಡಿರಲೇ ಇಲ್ಲ. ಬಿಕಾಂ ಓದೋನು ಮಾಡೋ ಕೆಲಸಾನಾ ಅದು?

ಇವತ್ತಿನ ನಮ್ಮ ಫೋನ್ ಕ್ಯಾಮೆರಾಗಳಲ್ಲಿ ಸಿಸಿಡಿ ಇಲ್ಲ. ಅಲ್ಲಿ ಪ್ರತಿ ಚೌಕಕ್ಕೂ ಅದರದ್ದೇ ಕೌಂಟರ್, ದಾಟಿಸೋ ಗೋಜೇ ಇಲ್ಲ. ಹಾಗಾಗಿ ಈ ಕಥೆಯ ಚಿಪ್‌ಗಳು ನಿಧಾನಕ್ಕೆ ಹಳೇ ಕಾಲಕ್ಕೆ ಸೇರ್ತಿವೆ. ಆದ್ರೆ ಅವರು ಕಲಿಸಿದ್ದು ಹಳೇದಾಗಲ್ಲ. ಕೋಲಾರದಲ್ಲಿ ಫಿಲ್ಮ್ ನೋಡಿದವರು, ಸ್ಲ್ಯಾಕಲ್ಲಿ ಚಿಪ್ ತಣ್ಣಗೆ ಮಾಡಿದವರು, ಕಟ್ಟದೇ ಹೋದ ಕೊಲೈಡರಿಗಾಗಿ ಲಕ್ಷಕ್ಕೆ ಒಂದರ ಲೆಕ್ಕ ಹಾಕಿದ ವಿದ್ಯಾರ್ಥಿಗಳು, ಮಾರತ್‌ಹಳ್ಳಿಯಲ್ಲಿ ಎಲೆಕ್ಟ್ರಾನ್ ಎಣಿಸಿದವರು, ಯಾರೂ ‘ನಮ್ಮದು ಸೊನ್ನೆ ಲಾಸ್’ ಅಂತ ಹೇಳಲಿಲ್ಲ. ಇಷ್ಟು ಹೋಗಿದೆ, ಇಲ್ಲಿ ಹೋಗಿದೆ, ಇದನ್ನ ಸೇರಿಸಿ ಓದಿ ಅಂತ ಬರೆದಿಟ್ಟರು. ಅದಕ್ಕೇ ಅವರ ನಂಬರನ್ನ ನಾವು ನಂಬಬಹುದು.

ಬೇಗೂರಿನ ಶಾಸನ ಕೂಡ ಹಾಗೇ ಅಲ್ವಾ? ಒಂದು ಕಾಳಗದಲ್ಲಿ ಯಾರನ್ನ ಕಳ್ಕೊಂಡ್ವಿ ಅಂತ ಕಲ್ಲಲ್ಲಿ ಬರೆದಿಟ್ಟರು. ಗೆದ್ದವರ ಹೆಸರಿಗಾಗಿ ಅಲ್ಲ, ಹೋದವರ ಲೆಕ್ಕಕ್ಕಾಗಿ. ಅದೇ ಸಾಲಲ್ಲಿ ನಮ್ಮ ಊರಿನ ಹೆಸರೂ ಉಳೀತು.

ಕಾಮೆಂಟಲ್ಲಿ ಹೇಳಿ: 2019ರ ಆ ರಾತ್ರಿ ನೀವು ಎಲ್ಲಿದ್ರಿ? ಪೀಣ್ಯದಲ್ಲೋ ಮಾರತ್‌ಹಳ್ಳಿ ಕಡೆಯೋ ನಿಮ್ಮ ಮನೆಯವರು ಯಾರಾದ್ರೂ ಇಂಥ ಕೆಲಸಕ್ಕೆ ಒಂದು ನಟ್ಟು ತಿರುಗಿಸಿದ್ರೂ ಅವರ ಕಥೆ ಕೇಳಿ ಬನ್ನಿ, ಹೆಸರು ಹಾಕದೆ ಬರೆಯೋಣ. ಮುಂದಿನ ಸರಣಿ ಬೇಗೂರು ಕೆರೆ.

#ಬೇಗೂರು #ಕನ್ನಡಇತಿಹಾಸ #ಪೀಣ್ಯ #ಚಂದ್ರಯಾನ2 #ಕೋಲಾರ #ಬಿಕಾಂಹುಡುಗರು